ಜಾಜ್ ವಾದಕರೊಬ್ಬರ ಹಳೆ ರೇಡಿಯೋ ಕಿಂಗ್ ಸ್ನೇರ್ ಡ್ರಮ್: ಎಷ್ಟು ಸರಿ ಮಾಡಬೇಕು, ಎಷ್ಟು ಹಾಗೇ ಬಿಡಬೇಕು?

ಷಿಕಾಗೊ ಕಡೆಯವ

ಎಲ್ಲರಿಗೂ ನಮಸ್ಕಾರ. ಡ್ರಮ್ಸ್, ಮೃದಂಗ, ಮರಗೆಲಸ, ನಿಮಗೆ ಯಾವುದು ಗೊತ್ತಿದ್ದರೂ ಸರಿ, ದಯವಿಟ್ಟು ಪೂರ್ತಿ ಓದಿ ಸಲಹೆ ಕೊಡಿ.

ನನ್ನ ಕೈಗೆ ಸ್ಲಿಂಗರ್‌ಲ್ಯಾಂಡ್ ಕಂಪನಿಯ ರೇಡಿಯೋ ಕಿಂಗ್ ಮಾದರಿಯ ಸ್ನೇರ್ ಡ್ರಮ್ (ಕೆಳಗಿನ ಪೊರೆಗೆ ತಂತಿ ತಾಗಿ ಝರ್ ಅನ್ನೋ ಡ್ರಮ್) ಒಂದು ಬಂದಿದೆ. 14 ಇಂಚು ಅಗಲ, 6.5 ಇಂಚು ಆಳ, ಎಂಟು ಲಗ್ (ಬಿಗಿಯೋ ರಾಡುಗಳು ಕೂರೋ ಲೋಹದ ತುಂಡು), ಮುತ್ತಿನ ಹೊಳಪಿನ ಬಿಳಿ ಪರ್ಲ್ ಹೊದಿಕೆ. 1940ರ ದಶಕದ ಕೊನೆಯದ್ದು. ಷಿಕಾಗೊದಲ್ಲೇ ತಯಾರಾದದ್ದು, ಊರು ಬಿಟ್ಟು ಎಲ್ಲೂ ಹೋಗಿ ನೆಲೆಸಿಲ್ಲ. ಇದನ್ನು ಬಾರಿಸುತ್ತಿದ್ದವರು ಜಾಜ್ ನುಡಿಸಿಯೇ ಸಂಸಾರ ನಡೆಸಿದವರು. ಮೊದಲು ದೊಡ್ಡ ಡಾನ್ಸ್ ಬ್ಯಾಂಡುಗಳಲ್ಲಿ, ಆಮೇಲೆ ಮೂರು ನಾಲ್ಕು ಜನರ ಸಣ್ಣ ತಂಡಗಳಲ್ಲಿ. ಹೆಸರು ಬರೆಯೋದು ಮನೆಯವರಿಗೆ ಇಷ್ಟ ಇಲ್ಲ, ಹಾಗಾಗಿ ಯಾರೂ ಕೇಳಬೇಡಿ. ಅವರ ಮಗಳು ಇದನ್ನು ಕೊಡುವಾಗ ಒಂದೇ ಮಾತು ಹೇಳಿದರು: ಇದನ್ನು ಶೋಕೇಸಲ್ಲಿ ಇಡಬೇಡ, ಬಾರಿಸು.

ಈಗ ಸ್ಥಿತಿ ಹೇಳ್ತೀನಿ. ಪರ್ಲ್ ಹೊದಿಕೆ ಬಿಳಿಯಾಗಿ ಉಳಿದಿಲ್ಲ, ಹಸುವಿನ ತುಪ್ಪದ ಬಣ್ಣಕ್ಕೆ ತಿರುಗಿದೆ. ಹೊದಿಕೆಯ ಎರಡು ತುದಿ ಸೇರುವ ಕಡೆ ಅದು ಕುಗ್ಗಿ ಸ್ವಲ್ಪ ಮೇಲೆದ್ದಿದೆ. ಡ್ರಮ್ಮಿನ ಒಳಗೆ ಮೇಲೊಂದು ಕೆಳಗೊಂದು ಮರದ ಬಳೆ ಅಂಟಿಸಿರ್ತಾರಲ್ಲ, ಅದರಲ್ಲಿ ಕೆಳಗಿನದು ಒಂದು ಕಡೆ ಬಿಟ್ಟುಕೊಂಡಿದೆ. ಪೋಸ್ಟ್‌ಕಾರ್ಡ್ ತೂರಿಸಿದರೆ ಒಳಗೆ ಹೋಗುತ್ತೆ. ಒಂದು ಲಗ್‌ಗೆ ಕೂದಲೆಳೆಯಷ್ಟು ಬಿರುಕು. ರಾಡುಗಳಿಗೆಲ್ಲ ತುಕ್ಕು. ಸ್ನೇರ್ ತಂತಿಯನ್ನು ಬಿಗಿದು ಸಡಿಲಿಸೋ ಸ್ಟ್ರೈನರ್ ಲಿವರ್ ಬಿಗಿದುಕೊಂಡಿದೆ. ನಾದ ತಗ್ಗಿಸೋಕೆ ಒಳಗಿರೋ ಟೋನ್ ಕಂಟ್ರೋಲ್ ಫೆಲ್ಟನ್ನು ಹುಳ ತಿಂದಿದೆ. ಮೇಲಿನ ಹೆಡ್ (ಡ್ರಮ್ಮಿಗೆ ಬಿಗಿದ ಪೊರೆ) ಯಾವಾಗಲೋ ಹಾಕಿದ ಪ್ಲಾಸ್ಟಿಕ್, ಕೆಳಗಿನದು ಕರುವಿನ ಚರ್ಮದ್ದೇ, ಅಂಚಲ್ಲಿ ಹರಿದಿದೆ.

ಇನ್ನೊಂದು ವಿಷಯ. ಹೆಡ್ಡನ್ನು ಒತ್ತಿ ಹಿಡಿಯೋ ಮೇಲಿನ ಹಿತ್ತಾಳೆ ಹೂಪ್ ಮೇಲೆ ಒಂದೇ ಕಡೆ, ಅಂಗೈ ಅಗಲದ ಜಾಗದಲ್ಲಿ, ಕೋಲಿನ ಪೆಟ್ಟಿನ ಗುರುತುಗಳು ಒತ್ತೊತ್ತಾಗಿವೆ. ಅಲ್ಲಿ ನಿಕಲ್ ಸವೆದು ಹಿತ್ತಾಳೆಯ ಹಳದಿ ಕಾಣುತ್ತೆ. ಉಳಿದ ಕಡೆ ಹೂಪ್ ಸುಮಾರಾಗಿ ಚೆನ್ನಾಗೇ ಇದೆ.

ಇಲ್ಲಿನ ರಿಪೇರಿಯವರೊಬ್ಬರು ಹೇಳಿದ್ದು: ಹೊದಿಕೆ ಕಿತ್ತು ಹೊಸದು ಹಾಕೋಣ, ಹೆಡ್ ಕೂರುವ ಅಂಚನ್ನು ಹೊಸದಾಗಿ ಕತ್ತರಿಸೋಣ, ಲೋಹಕ್ಕೆಲ್ಲ ಹೊಸ ಕ್ರೋಮ್ ಹಾಕಿಸೋಣ, ಹೊಚ್ಚ ಹೊಸದರ ಹಾಗೆ ಆಗುತ್ತೆ ಅಂತ. ಕೆಲಸ ಬಲ್ಲವರೇ. ಆದರೂ ನನಗೆ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಒಪ್ಪುತ್ತಿಲ್ಲ ಅಂತ ಸರಿಯಾಗಿ ಹೇಳೋಕೂ ಬರ್ತಿಲ್ಲ. ನೀವೇನಂತೀರಿ?

ರಿದಂಪ್ಯಾಡ್ ಬೆಂಗಳೂರು

ಗುರುವೇ, ಮೊದಲಿಗೆ ಅಭಿನಂದನೆ. ರೇಡಿಯೋ ಕಿಂಗ್ ಸಿಗೋದು ಅಂದ್ರೆ ಸುಮ್ನೆ ಅಲ್ಲ.

ನಾನು ಆರ್ಕೆಸ್ಟ್ರಾದಲ್ಲಿ ಬಾರಿಸೋನು, ನೇರವಾಗಿ ಹೇಳ್ತೀನಿ. ಅವರ ಮಗಳು ಬಾರಿಸು ಅಂದಿದ್ದಾರೆ. ಬಾರಿಸಬೇಕು ಅಂದ್ರೆ ವಾದ್ಯ ಗಟ್ಟಿ ಇರಬೇಕು. ಬಳೆ ಬಿಟ್ಟ ಡ್ರಮ್, ಬಿರುಕು ಬಿಟ್ಟ ಲಗ್, ಹುಳ ತಿಂದ ಫೆಲ್ಟ್ ಇಟ್ಟುಕೊಂಡು ಸ್ಟೇಜ್ ಹತ್ತೋಕಾಗುತ್ತಾ? ಮಧ್ಯದಲ್ಲಿ ಕೈ ಕೊಟ್ಟರೆ ಯಾರ ಮರ್ಯಾದೆ ಹೋಗೋದು? ಆ ವಾದಕರೂ ವೃತ್ತಿಯವರೇ ಅಲ್ವಾ. ಅವರು ಬದುಕಿದ್ದಾಗ ಹೆಡ್ ಹರಿದರೆ ಬದಲಾಯಿಸಿಲ್ವಾ? ಸ್ಪ್ರಿಂಗ್ ಹೋದರೆ ಹೊಸದು ಹಾಕಿಲ್ವಾ? ಮೇಲೆ ಪ್ಲಾಸ್ಟಿಕ್ ಹೆಡ್ ಇದೆ ಅಂತ ನೀವೇ ಬರೆದಿದ್ದೀರಿ, ಹಾಕಿದ್ದು ಅವರೇ ಇರಬೇಕು. ದುಡಿಯುವ ವಾದ್ಯವನ್ನ ದುಡಿಯೋ ಸ್ಥಿತಿಗೆ ತರೋದು ಅದಕ್ಕೆ ಕೊಡೋ ಗೌರವ ಅಂತ ನನ್ನ ಅಭಿಪ್ರಾಯ.

ಹಳೇ ರೆಕಾರ್ಡ್

ಸ್ವಲ್ಪ ಹಿನ್ನೆಲೆ ಹೇಳ್ತೀನಿ, ಯಾಕಂದ್ರೆ ಇದು ಎಂಥ ಡ್ರಮ್ ಅಂತ ತಿಳಿದರೆ ಏನು ಮುಟ್ಟಬಾರದು ಅಂತ ಅರ್ಧ ಗೊತ್ತಾಗುತ್ತೆ.

ಸ್ಲಿಂಗರ್‌ಲ್ಯಾಂಡ್ ಕಂಪನಿ ಶುರುವಾಗಿದ್ದು ಯುಕುಲೇಲಿ, ಬ್ಯಾಂಜೊಗಳಿಂದ. ಡ್ರಮ್ ತಯಾರಿಕೆಗೆ ಇಳಿದದ್ದು 1920ರ ದಶಕದ ಕೊನೆಗೆ. ಅವರ ಹಣೆಬರಹ ಬದಲಾಗಿದ್ದು ಡ್ರಮ್ಮರ್ ಜೀನ್ ಕ್ರೂಪಾ ಅವರ ಜೊತೆ ಸೇರಿದ ಮೇಲೆ. ಕ್ರೂಪಾ ಷಿಕಾಗೊದವರೇ, 1909ರಲ್ಲಿ ಹುಟ್ಟಿದವರು. ಬೆನ್ನಿ ಗುಡ್‌ಮನ್ ಬ್ಯಾಂಡಿನಲ್ಲಿ ಬಾರಿಸುತ್ತಿದ್ದರು. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಆ ಬ್ಯಾಂಡ್ ನುಡಿಸಿದಾಗ ಹಿಂದೆ ಕೂತು ತಾಳ ಹಿಡಿದವರು ಅವರೇ. ಅಲ್ಲಿವರೆಗೆ ಡ್ರಮ್ ಬಾರಿಸೋರು ಅಂದ್ರೆ ಹಿಂದಿನ ಸಾಲಿನವರು. ಕ್ರೂಪಾ ಆದಮೇಲೆ ಹುಡುಗರು ಡ್ರಮ್ ನೋಡೋಕೇ ಬರುವ ಹಾಗಾಯಿತು. ಅವರ ಬಿಳಿ ಪರ್ಲ್ ಸೆಟ್ ನೋಡಿ ಅಮೆರಿಕದ ಊರೂರಲ್ಲಿ ಹುಡುಗರು ಅದೇ ಬೇಕು ಅಂದರು. ನಿಮ್ಮ ಡ್ರಮ್ಮಿನ ಬಣ್ಣ ಸುಮ್ನೆ ಬಂದದ್ದಲ್ಲ.

ಸ್ನೇರ್ ತಂತಿ ಇಲ್ಲದ ಟಾಮ್ ಡ್ರಮ್ಮಿನ ಎರಡೂ ಕಡೆ ರಾಡ್ ತಿರುಗಿಸಿ ಶ್ರುತಿ ಮಾಡುವ ಪದ್ಧತಿ ಚಾಲ್ತಿಗೆ ಬಂದಿದ್ದೂ ಕ್ರೂಪಾ ಸ್ಲಿಂಗರ್‌ಲ್ಯಾಂಡ್ ಹಿಂದೆ ಬಿದ್ದು ಮಾಡಿಸಿಕೊಂಡ ಮೇಲೆ. ಅದಕ್ಕೆ ಮೊದಲು ಕೆಳಗಿನ ಚರ್ಮಕ್ಕೆ ಮೊಳೆ ಹೊಡೆದಿರುತ್ತಿದ್ದರು.

ಕಾಲ ಗುರುತಿಸೋದಕ್ಕೆ ಒಂದು ಸುಳಿವು. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕ ಸರ್ಕಾರ ವಾದ್ಯಗಳಲ್ಲಿ ಲೋಹದ ಬಳಕೆಯನ್ನು ತೂಕದ ಶೇ. 10ಕ್ಕೆ ಇಳಿಸಿತು. ಆಗ ಸ್ಲಿಂಗರ್‌ಲ್ಯಾಂಡ್ ಮರದ ಲಗ್, ಮರದ ಹೂಪ್ ಹಾಕಿ ರೋಲಿಂಗ್ ಬಾಂಬರ್ ಅನ್ನುವ ಮಾದರಿ ಮಾಡಿತು. ನಿಮ್ಮದು ಪೂರ್ತಿ ಲೋಹದ ಲಗ್, ಹಿತ್ತಾಳೆ ಹೂಪ್. ಕಂಪನಿ ಹೆಸರಿನ ಬ್ಯಾಡ್ಜ್ ಮೋಡದ ಆಕಾರದಲ್ಲಿದ್ದರೆ 1950ರ ದಶಕದ ನಡುವಿಗಿಂತ ಹಿಂದಿನದು. ಸ್ಟ್ರೈನರ್ ಕಪ್ಪೆಚಿಪ್ಪಿನ ಹಾಗೆ ಉಬ್ಬಿದ್ದರೆ ಯುದ್ಧ ಮುಗಿದ ಮೇಲಿನದು. ಎರಡೂ ಹೊಂದುತ್ತಾ ನೋಡಿ.

ಷಿಕಾಗೊ ಕಡೆಯವ

ಮೋಡದ ಬ್ಯಾಡ್ಜೇ ಸರ್. ಸ್ಟ್ರೈನರ್ ಕೂಡ ನೀವು ಹೇಳಿದ ಥರದ್ದೇ. ಹೂಪ್ ಮೇಲೆ ರೇಡಿಯೋ ಕಿಂಗ್ ಅಂತ ಕೆತ್ತನೆ ಇದೆ, ಸವೆದಿದ್ದರೂ ಓದಬಹುದು.

ಸಾಗರದ ಬಡಗಿ

ನನಗೆ ಜಾಜ್ ಗೊತ್ತಿಲ್ಲ, ಮರ ಗೊತ್ತು. ಒಂದು ಪ್ರಶ್ನೆ. ಶೆಲ್ (ಡ್ರಮ್ಮಿನ ಮರದ ಮೈ) ಒಂದೇ ಹಲಗೆಯದ್ದಾ, ಪ್ಲೈವುಡ್ಡಾ? ಒಂದೇ ಹಲಗೆ ಆಗಿದ್ದರೆ ಸೇರುವ ಜಾಗ ಓರೆಯಾಗಿ ಒಂದರ ಮೇಲೊಂದು ಕೂತಿರುತ್ತೆ. ಅದು ಬಿಟ್ಟಿದೆಯಾ ನೋಡಿ. ಅದು ಗಟ್ಟಿ ಇದ್ದರೆ ಅರ್ಧ ಗೆದ್ದ ಹಾಗೆ.

ಷಿಕಾಗೊ ಕಡೆಯವ

ಒಂದೇ ಹಲಗೆ. ರೇಡಿಯೋ ಕಿಂಗ್ ಹೆಸರುವಾಸಿ ಆಗಿದ್ದೇ ಅದರಿಂದ. ಮೇಪಲ್ ಹಲಗೆಯನ್ನು ಹಬೆಯಲ್ಲಿ ಮೆದು ಮಾಡಿ ಬಗ್ಗಿಸಿ ತುದಿ ಸೇರಿಸಿರ್ತಾರೆ, ದುಂಡು ಕೆಡದಿರಲಿ ಅಂತ ಒಳಗೆ ಬಳೆ ಅಂಟಿಸಿರ್ತಾರೆ. ಓರೆ ಜೋಡಣೆ ಬೆಳಕು ಬಿಟ್ಟು ನೋಡಿದೆ, ಬಿಗಿಯಾಗಿದೆ. ಬಿಟ್ಟಿರೋದು ಬಳೆ ಮಾತ್ರ.

ಸಾಗರದ ಬಡಗಿ

ಹಾಗಾದರೆ ಭಯ ಬೇಡ. ಆದರೆ ಮೊದಲು ಒಂದು ಕೆಲಸ. ಹೂಪ್, ಹೆಡ್, ಲಗ್ ಎಲ್ಲ ಬಿಚ್ಚಿ ಬರೀ ಶೆಲ್ಲನ್ನು ತಿಂಗಳುಗಟ್ಟಲೆ ಮೂಲೆಯಲ್ಲಿ ಇಡಬೇಡಿ. ಬಗ್ಗಿಸಿದ ಮರ ಯಾವಾಗಲೂ ನೆಟ್ಟಗಾಗೋಕೆ ನೋಡ್ತಿರುತ್ತೆ, ಅದನ್ನು ಹಿಡಿದಿಟ್ಟಿರೋದು ಬಳೆ. ಈಗ ಒಂದು ಬಳೆಯೇ ಬಿಟ್ಟಿದೆ. ನಿಮ್ಮಲ್ಲಿ ಚಳಿಗಾಲಕ್ಕೆ ಮನೆಯೊಳಗೆ ಹೀಟರ್ ಹಾಕಿ ಗಾಳಿ ಒಣಗಿಸ್ತೀರಂತಲ್ಲ, ಅದು ಮರಕ್ಕೆ ದೊಡ್ಡ ಶತ್ರು. ತೇವಾಂಶ ಶೇ. 40ರಿಂದ 50ರ ಒಳಗೆ ಇರೋ ಕೋಣೆಯಲ್ಲಿಡಿ.

ಅಂಟು ಯಾವುದು ಅನ್ನೋದು ಮುಖ್ಯ. ಎಪಾಕ್ಸಿ ಬೇಡವೇ ಬೇಡ. ಫೆವಿಕಾಲ್ ಥರದ ಬಿಳಿ ಅಂಟೂ ಬೇಡ. ಹಳೆಯ ಕೆಲಸಕ್ಕೆ ಪ್ರಾಣಿ ಚರ್ಮದಿಂದ ಮಾಡೋ ಬಿಸಿ ಅಂಟು, ನಮ್ಮ ಹಿರಿಯರು ಮರವಜ್ರ ಅಂತಿದ್ದರು, ಅದೇ ಸರಿ. ಕಾರಣ ಏನಂದ್ರೆ ಹಳೇ ಅಂಟು ಅದೇ ಜಾತಿಯದ್ದಾದರೆ ಹೊಸದು ಅದರ ಮೇಲೆ ಕೂರುತ್ತೆ. ಮತ್ತೆ ಮುಂದೆ ಯಾರಾದರೂ ಬಿಚ್ಚಬೇಕು ಅಂದರೆ ಬಿಸಿನೀರು, ಹಬೆ ಸಾಕು, ಮರ ಒಡೆಯೋದಿಲ್ಲ. ಎಪಾಕ್ಸಿ ಹಾಕಿದರೆ ಮುಂದಿನವರು ಮರ ಕಿತ್ತೇ ಬಿಚ್ಚಬೇಕು.

ಮಾಡೋದು ಹೀಗೆ. ಸಂದಿಯಲ್ಲಿರೋ ಧೂಳನ್ನು ಮೃದು ಬ್ರಷ್‌ನಲ್ಲಿ ತೆಗೆಯಿರಿ. ಅಂಟು ಹಾಕದೇ ಒಮ್ಮೆ ಕ್ಲಾಂಪ್ ಹಿಡಿದು ನೋಡಿ, ಬಳೆ ಪೂರ್ತಿ ಕೂರುತ್ತಾ ಅಂತ. ಕೂರದಿದ್ದರೆ ಒತ್ತಬೇಡಿ, ಒಳಗೆ ಏನೋ ಸಿಕ್ಕಿಕೊಂಡಿರುತ್ತೆ. ಕೂತರೆ ಸಂದಿಗೆ ಹೇರ್ ಡ್ರೈಯರ್‌ನಲ್ಲಿ ತುಸು ಬೆಚ್ಚಗೆ ಮಾಡಿ, ಬಿಸಿ ಅಂಟನ್ನು ತೆಳು ಚಾಕುವಿನಿಂದ ಒಳಗೆ ತಳ್ಳಿ, ಬೇಗ ಕ್ಲಾಂಪ್ ಬಿಗಿಯಿರಿ. ಹೊರಗೆ ಬಂದ ಅಂಟನ್ನು ಬೆಚ್ಚನೆ ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. ಕ್ಲಾಂಪ್ ಮತ್ತು ಹೊದಿಕೆ ನಡುವೆ ಶೆಲ್ಲಿನ ಬಾಗಿಗೆ ಹೊಂದುವ ಮರದ ತುಂಡು, ಅದರ ಮೇಲೆ ಕಾರ್ಕ್ ಇಡಿ. ಇಲ್ಲದಿದ್ದರೆ ಪರ್ಲ್ ಮೇಲೆ ಅಚ್ಚು ಬೀಳುತ್ತೆ.

ಮ್ಯೂಸಿಯಂ ಕೆಲಸ

ಬಡಗಿ ಅಣ್ಣ ಹೇಳಿದ್ದಕ್ಕೆಲ್ಲ ನನ್ನ ಸಹಮತ, ಒಂದು ಬಿಟ್ಟು. ಹೇರ್ ಡ್ರೈಯರ್ ಬೇಡ, ದಯವಿಟ್ಟು.

ಆ ಕಾಲದ ಪರ್ಲ್ ಹೊದಿಕೆ ಸೆಲ್ಯುಲಾಯ್ಡ್, ಅಂದರೆ ನೈಟ್ರೋಸೆಲ್ಯುಲೋಸ್. ಹಳೇ ಸಿನಿಮಾ ರೀಲುಗಳೂ ಅದರದ್ದೇ. ಬೆಂಕಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತೆ. ಹೀಟ್ ಗನ್, ಡ್ರೈಯರ್, ಬಿಸಿ ಇಸ್ತ್ರಿಪೆಟ್ಟಿಗೆ, ಸಿಗರೇಟು ಯಾವುದೂ ಹತ್ತಿರ ಬರಬಾರದು. ಉಜ್ಜಿದ ಪುಡಿಯೂ ಅಪಾಯ. ಮರ ಬೆಚ್ಚಗಾಗಬೇಕು ಅಂದರೆ ಕೋಣೆಯನ್ನು ಬೆಚ್ಚಗಿಟ್ಟುಕೊಳ್ಳಿ, ಅಥವಾ ತಣ್ಣಗಿದ್ದಾಗಲೂ ದ್ರವವಾಗಿರುವ ಚರ್ಮದಂಟು ಬಾಟಲಿಯಲ್ಲಿ ಸಿಗುತ್ತೆ, ಅದು ತಗೊಳ್ಳಿ.

ಅಸಿಟೋನ್, ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಕೂಡ ದೂರ. ಅಸಿಟೋನ್ ತಾಗಿದರೆ ಹೊದಿಕೆಯೇ ಕರಗುತ್ತೆ. ಸ್ವಚ್ಛ ಮಾಡೋಕೆ ಉಗುರುಬೆಚ್ಚನೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಹಿಂಡಿದ ಹತ್ತಿ ಬಟ್ಟೆ, ಕೂಡಲೇ ಒಣ ಬಟ್ಟೆ. ಅಷ್ಟು ಸಾಕು.

ಇನ್ನೊಂದು, ಡ್ರಮ್ಮನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ಸೆಲ್ಯುಲಾಯ್ಡ್ ಹಳತಾದಾಗ ಆಮ್ಲದ ಆವಿ ಬಿಡುತ್ತೆ. ಗಾಳಿ ಆಡದಿದ್ದರೆ ಆ ಆವಿ ಹೊದಿಕೆಯನ್ನೂ ತಿನ್ನುತ್ತೆ, ಪಕ್ಕದ ಹಿತ್ತಾಳೆಯನ್ನೂ ತಿನ್ನುತ್ತೆ. ಲಗ್ ಪಕ್ಕ ಹಸಿರು ಕಿಲುಬು ಇದ್ದರೆ ಅದೇ ಕಾರಣ ಇರಬಹುದು. ಕರ್ಪೂರದ ವಾಸನೆ ಬಂದರೆ ಹೆದರಬೇಡಿ, ಸೆಲ್ಯುಲಾಯ್ಡ್ ಮೆದುವಾಗಲಿ ಅಂತ ಕರ್ಪೂರ ಸೇರಿಸ್ತಿದ್ದರು. ಹುಳಿ, ಮೂಗಿಗೆ ಚುಚ್ಚುವ ವಾಸನೆ ಬಂದರೆ ಮಾತ್ರ ಯೋಚನೆ ಮಾಡಬೇಕು.

ಸಾಗರದ ಬಡಗಿ

ಮೇಡಂ, ಇದು ಗೊತ್ತಿರಲಿಲ್ಲ, ಒಳ್ಳೆಯದಾಯ್ತು ಹೇಳಿದ್ದು. ಡ್ರೈಯರ್ ಮಾತು ಎಲ್ಲರೂ ಬಿಟ್ಟುಬಿಡಿ. ಬಾಟಲಿ ಅಂಟೇ ಹಾಕಿ.

ಷಿಕಾಗೊ ಕಡೆಯವ

ವಾಸನೆ ನೋಡಿದೆ, ಕರ್ಪೂರದ್ದೇ, ತುಂಬಾ ಸಣ್ಣಗೆ. ಪೂಜೆ ಮನೆ ನೆನಪಾಯಿತು.

ಬಿರುಕು ಬಿಟ್ಟ ಲಗ್ ಬಿಚ್ಚಿ ನೋಡಿದೆ. ಅದರಡಿ ಹೊದಿಕೆ ಇನ್ನೂ ಅಚ್ಚ ಬಿಳಿ! ಲಗ್ಗಿನ ಆಕಾರಕ್ಕೇ ಸರಿಯಾಗಿ ಒಂದು ಬಿಳಿ ಗುರುತು, ಅದರ ಸುತ್ತ ಹಳದಿ. ಪರ್ಲ್‌ನ ಅಲೆ ಅಲೆ ಹೊಳಪು ಆ ಬಿಳಿ ಜಾಗದಲ್ಲಿ ನೋಡಿದರೆ ಕಣ್ಣು ಕೀಳೋಕಾಗಲ್ಲ. ಹೊಸದರಲ್ಲಿ ಇಡೀ ಡ್ರಮ್ ಹೀಗಿತ್ತು. ಈಗ ನಿಜವಾದ ಪ್ರಶ್ನೆ ಬಂತು. ಮೇಲಿನ ಹಳದಿ ಪದರವನ್ನು ನೀರು ಹಾಕಿ ಉಜ್ಜೋ ಮರಳು ಕಾಗದದಲ್ಲಿ ತೆಳುವಾಗಿ ಉಜ್ಜಿ ಪಾಲಿಶ್ ಮಾಡಿದರೆ ಬಿಳಿ ಬರುತ್ತೆ ಅಂತ ಕೆಲವರು ಮಾಡ್ತಾರೆ. ಮಾಡಲಾ?

ರಿದಂಪ್ಯಾಡ್ ಬೆಂಗಳೂರು

ಮಾಡಿ! ಅವರು ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆ ಕಾಣೋದು ಬೇಡ್ವಾ? ಸ್ಟೇಜ್ ಲೈಟಲ್ಲಿ ಬಿಳಿ ಪರ್ಲ್ ಎಷ್ಟು ಚಂದ.

ಮ್ಯೂಸಿಯಂ ಕೆಲಸ

ಮಾಡಬೇಡಿ. ಎರಡು ಕಾರಣ. ಒಂದು, ಆಗಲೇ ಹೇಳಿದ ಪುಡಿ. ಎರಡನೇದು ಇನ್ನೂ ದೊಡ್ಡದು. ಮನೆಯವರ ಹತ್ತಿರ ಹಳೇ ಫೋಟೋ ಏನಾದರೂ ಇದೆಯಾ, ಅವರು ಬ್ಯಾಂಡ್ ಜೊತೆ ಕೂತಿರೋದು?

ಪರ್ಲ್ ಹೊದಿಕೆಯ ಅಲೆಗಳು ಒಂದು ಹಾಳೆಯ ಹಾಗೆ ಇನ್ನೊಂದು ಇರಲ್ಲ. ಬ್ಯಾಡ್ಜಿನ ಅಕ್ಕಪಕ್ಕದ ಚಿತ್ತಾರವನ್ನು ಹಳೇ ಫೋಟೋ ಜೊತೆ ಇಟ್ಟು ನೋಡಿದರೆ ಇದೇ ಡ್ರಮ್ ಹೌದೋ ಅಲ್ಲವೋ ಗೊತ್ತಾಗುತ್ತೆ. ಹೆಸರುವಾಸಿ ವಾದಕರ ಡ್ರಮ್ಮುಗಳನ್ನು ಗುರುತಿಸೋದೂ ಹೀಗೇ. ಹೊದಿಕೆ ಕಿತ್ತರೆ ಆ ಸಾಕ್ಷಿ ಕಸದ ಬುಟ್ಟಿಗೆ ಹೋಯಿತು. ಆಮೇಲೆ ಅದು ಒಂದು ಚೆನ್ನಾಗಿರೋ ರೇಡಿಯೋ ಕಿಂಗ್ ಅಷ್ಟೆ, ಅವರದ್ದು ಅಂತ ಹೇಳೋಕೆ ನಿಮ್ಮ ಬಾಯಿಮಾತು ಬಿಟ್ಟು ಏನೂ ಇರಲ್ಲ.

ಹೂಪಿನ ಮೇಲಿನ ಪೆಟ್ಟಿನ ಗುರುತೂ ಹಾಗೇ. ಅದನ್ನು ಕ್ರೋಮ್ ಹಾಕಿ ಮುಚ್ಚೋಕೆ ಮೊದಲು ಆ ಗುರುತು ಬ್ಯಾಡ್ಜಿನಿಂದ ಎಷ್ಟು ದೂರ, ಸ್ಟ್ರೈನರ್‌ನಿಂದ ಎಷ್ಟು ದೂರ ನೋಡಿ.

ಹಳೇ ರೆಕಾರ್ಡ್

ಮೇಡಂ ಹೇಳಿದ್ದಕ್ಕೆ ಸೇರಿಸ್ತೀನಿ. ಆ ಕಾಲದ ಜಾಜ್ ಡ್ರಮ್ಮರುಗಳು ಎಡಗೈ ಕೋಲನ್ನು ಹೆಬ್ಬೆರಳ ಸಂದಿಯಲ್ಲಿ ಅಂಗೈ ಮೇಲ್ಮುಖವಾಗಿ ಹಿಡಿಯುತ್ತಿದ್ದರು. ಡ್ರಮ್ಮನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಳ್ಳುತ್ತಿದ್ದರು. ರಿಮ್‌ಶಾಟ್ (ಹೆಡ್ಡಿಗೂ ಹೂಪಿಗೂ ಒಟ್ಟಿಗೆ ಬೀಳೋ ಪೆಟ್ಟು) ಹೊಡೆದಾಗ ಕೋಲು ಹೂಪಿನ ಎಡಭಾಗದ ಒಂದೇ ಜಾಗಕ್ಕೆ ಬೀಳುತ್ತೆ. ಹಾಗಾಗಿ ಆ ಗುರುತಿನಿಂದ ಡ್ರಮ್ ಅವರ ಮುಂದೆ ಯಾವ ಕಡೆ ತಿರುಗಿತ್ತು, ಸ್ಟ್ರೈನರ್ ಲಿವರ್ ಯಾವ ಕೈಗೆ ಸಿಗುತ್ತಿತ್ತು, ಎಲ್ಲ ತಿಳಿಯುತ್ತೆ.

ಇನ್ನೂ ಒಂದು ಮಾತು. ಅವರು ಡಾನ್ಸ್ ಬ್ಯಾಂಡಿನಿಂದ ಸಣ್ಣ ತಂಡಕ್ಕೆ ಬಂದರು ಅಂದಿರಲ್ಲ, ಆ ದಾರಿ ಆ ಪೀಳಿಗೆಯ ಎಷ್ಟೋ ಜನರದ್ದು. ಡ್ರಮ್ಮರುಗಳಾದ ಕೆನ್ನಿ ಕ್ಲಾರ್ಕ್, ಮ್ಯಾಕ್ಸ್ ರೋಚ್ ಇವರೆಲ್ಲ 1940ರ ದಶಕದಲ್ಲಿ ತಾಳವನ್ನು ಕಾಲಲ್ಲಿ ಬಾರಿಸೋ ಬೇಸ್ ಡ್ರಮ್ಮಿನಿಂದ ಎತ್ತಿ ರೈಡ್ ಸಿಂಬಲ್ ಅನ್ನೋ ದೊಡ್ಡ ಲೋಹದ ತಟ್ಟೆ ಮೇಲೆ ಇಟ್ಟರು. ಆಗ ಸ್ನೇರ್ ಡ್ರಮ್ಮಿಗೆ ಬೇರೆಯದೇ ಕೆಲಸ ಬಂತು. ನುಡಿಸೋರ ಮಾತಿಗೆ ಮಧ್ಯೆ ಮಧ್ಯೆ ಉತ್ತರ ಕೊಡೋದು, ತಂತಿ ಎಳೆಗಳ ಬ್ರಷ್‌ನಲ್ಲಿ ಸವರೋದು. ಜೋರಾಗಿ ನಾಲ್ಕು ಹೊಡೆಯೋಕೆ ಕೊಂಡ ಡ್ರಮ್ಮಿನ ಮೇಲೆ ಅವರು ಮುಂದೆ ಬ್ರಷ್ ಆಡಿಸಿರ್ತಾರೆ. ಆ ಎರಡೂ ಕಾಲ ಒಂದೇ ಮರದಲ್ಲಿ ಇದೆ.

ಷಿಕಾಗೊ ಕಡೆಯವ

ಫೋಟೋ ಸಿಕ್ಕಿತು! ಮಗಳು ಆಲ್ಬಮ್ಮಿನಿಂದ ತೆಗೆದು ಸ್ಕ್ಯಾನ್ ಮಾಡಿ ಕಳಿಸಿದರು. ಕಪ್ಪು ಬಿಳುಪು, ಆದರೆ ತುಂಬಾ ಸ್ಪಷ್ಟ. ಬ್ಯಾಡ್ಜಿನ ಬಲಗಡೆ ಒಂದು ಗಾಢ ಗೆರೆ ಮೇಲಿನಿಂದ ಓರೆಯಾಗಿ ಇಳಿದು, ನಡುವೆ ಎರಡಾಗಿ ಕವಲೊಡೆದು, ಒಂದು ಕವಲು ಲಗ್ ಅಡಿಗೆ ಹೋಗುತ್ತೆ. ನನ್ನ ಮೇಜಿನ ಮೇಲಿರೋ ಡ್ರಮ್ಮಿನಲ್ಲಿ ಅದೇ ಗೆರೆ, ಅದೇ ಕವಲು, ಅದೇ ಲಗ್. ಮೈ ಜುಮ್ಮೆಂದಿತು.

ಹೂಪಿನ ಗುರುತೂ ಫೋಟೋದಲ್ಲಿ ಅವರ ಎಡಗೈ ಇರುವ ಕಡೆಯೇ. ಹಾಗಾಗಿ ತೀರ್ಮಾನ ಆಯಿತು. ಹೊದಿಕೆ ಕೀಳಲ್ಲ, ಉಜ್ಜಲ್ಲ. ಹೂಪಿಗೆ ಕ್ರೋಮ್ ಇಲ್ಲ. ರಿದಂಪ್ಯಾಡ್ ಅವರೇ ಬೇಜಾರು ಮಾಡ್ಕೋಬೇಡಿ.

ರಿದಂಪ್ಯಾಡ್ ಬೆಂಗಳೂರು

ಬೇಜಾರು ಏನಿಲ್ಲ ಗುರು, ಫೋಟೋ ವಿಷಯ ಕೇಳಿ ನಾನೂ ಒಪ್ಪಿದೆ. ಆದರೆ ನನ್ನ ಮೂಲ ಮಾತು ಹಾಗೇ ಇದೆ. ಅದು ಬಾರಿಸೋ ಹಾಗಿರಬೇಕು. ನೋಟ ಬಿಡಿ, ನಾದಕ್ಕೆ ಬೇಕಾದ್ದನ್ನ ಬಿಡಬೇಡಿ. ಸ್ನೇರ್ ತಂತಿ ಹಳೇದು ಸಡಿಲ ಆಗಿದ್ದರೆ ಹೊಸದು ಹಾಕಲೇಬೇಕು. ಫೆಲ್ಟ್ ಹೊಸದು ಹಾಕಬೇಕು. ಲಗ್ ಬಿರುಕು ಬಿಟ್ಟಿದ್ದನ್ನ ನಂಬಬಾರದು, ಅದು ಎರಕದ ಲೋಹ, ಬಿಗಿ ಜಾಸ್ತಿ ಆದರೆ ಪಟ್ ಅಂತ ಎರಡಾಗುತ್ತೆ, ಎಳೆತಕ್ಕೆ ಶೆಲ್ಲಿಗೂ ಪೆಟ್ಟು.

ಮ್ಯೂಸಿಯಂ ಕೆಲಸ

ಇದು ಸರಿಯಾದ ಮಾತು, ನಾನು ಪೂರ್ತಿ ಒಪ್ತೀನಿ. ಬಾರಿಸೋ ವಾದ್ಯಕ್ಕೂ ಗಾಜಿನ ಪೆಟ್ಟಿಗೆಯ ವಸ್ತುವಿಗೂ ನಿಯಮ ಒಂದೇ ಅಲ್ಲ. ತಿರುಪು ಬಿಚ್ಚಿ ತೆಗೆಯಬಹುದಾದ್ದು ಏನೇ ಇರಲಿ, ಹೊಸದು ಹಾಕಿ. ತೆಗೆದ ಹಳೇದನ್ನು ಕಾಗದದ ಕವರಿನಲ್ಲಿ ಹಾಕಿ, ಯಾವ ಜಾಗದ್ದು ಅಂತ ಬರೆದು ಡ್ರಮ್ ಜೊತೆಗೇ ಇಡಿ. ಕತ್ತರಿಸಿ, ಉಜ್ಜಿ, ಕರಗಿಸಿ ಹೋಗೋ ಕೆಲಸ ಮಾತ್ರ ಮಾಡಬೇಡಿ.

ಅದೇ ಕಾರಣಕ್ಕೆ ಹೆಡ್ ಕೂರುವ ಅಂಚನ್ನು ಹೊಸದಾಗಿ ಕತ್ತರಿಸೋದು ಬೇಡ.

ರಿದಂಪ್ಯಾಡ್ ಬೆಂಗಳೂರು

ಅಂಚು ಮಟ್ಟ ಇಲ್ಲದಿದ್ದರೆ ಶ್ರುತಿ ಎಲ್ಲಿ ನಿಲ್ಲುತ್ತೆ ಮೇಡಂ? ಇವತ್ತಿನ ಡ್ರಮ್ಮಲ್ಲಿ 45 ಡಿಗ್ರಿ ಚೂಪಾಗಿ ಕತ್ತರಿಸಿರ್ತಾರೆ, ಎಷ್ಟು ಸ್ಪಷ್ಟ ನಾದ.

ಸಾಗರದ ಬಡಗಿ

ಮಟ್ಟ ಇದೆಯೋ ಇಲ್ಲವೋ ಮೊದಲು ನೋಡಲಿ. ಗ್ರಾನೈಟ್ ಕಲ್ಲು ಅಥವಾ ದಪ್ಪ ಗಾಜಿನ ಮೇಲೆ ಬೋರಲು ಹಾಕಿ, ಕೋಣೆ ಕತ್ತಲು ಮಾಡಿ ಒಳಗೆ ಟಾರ್ಚ್ ಇಟ್ಟರೆ ಎಲ್ಲಿ ಬೆಳಕು ನುಸುಳುತ್ತೆ ಅಲ್ಲಿ ತಗ್ಗು. ಸ್ನೇರ್ ತಂತಿ ಹಾಯೋ ಎರಡು ಕಡೆ ಬೆಳಕು ಬಂದೇ ಬರುತ್ತೆ, ಅಲ್ಲಿ ಬೇಕಂತಲೇ ತಗ್ಗು ಮಾಡಿರ್ತಾರೆ ಅಂತ ಕೇಳಿದ್ದೀನಿ, ಅದನ್ನು ದೋಷ ಅಂದುಕೊಳ್ಳಬೇಡಿ.

ಹಳೇ ರೆಕಾರ್ಡ್

ಹೌದು, ಅದು ಸ್ನೇರ್ ಬೆಡ್. ಚೂಪು ಅಂಚಿನ ವಿಷಯ: ರೇಡಿಯೋ ಕಿಂಗ್‌ನ ಅಂಚು ದುಂಡಗೆ ಇರುತ್ತೆ. ಹೆಡ್ ಮರದ ಮೇಲೆ ಜಾಸ್ತಿ ಕೂರುತ್ತೆ, ಹಾಗಾಗಿ ನಾದ ತುಂಬಿರುತ್ತೆ, ಬೇಗ ನಿಲ್ಲುತ್ತೆ, ಬ್ರಷ್ಷಿಗೆ ಮಾತು ಕೊಡುತ್ತೆ. ಅದನ್ನು 45 ಡಿಗ್ರಿಗೆ ಕತ್ತರಿಸಿದರೆ ನಿಮ್ಮ ಹತ್ತಿರ ಇರೋದು ಹಳೇ ಮರದ ಹೊಸ ಡ್ರಮ್.

ಷಿಕಾಗೊ ಕಡೆಯವ

ಅಡುಗೆಮನೆ ಕಲ್ಲಿನ ಮೇಲೆ ಟಾರ್ಚ್ ಇಟ್ಟು ನೋಡಿದೆ. ಮೇಲಿನ ಅಂಚಿನಲ್ಲಿ ಒಂದು ಕಡೆ ಕಾಗದದಷ್ಟು ಬೆಳಕು, ಅಷ್ಟೆ. ಮುಟ್ಟಲ್ಲ.

ಈಗ ಹೆಡ್ ವಿಷಯ. ಹೊಸ ಪ್ಲಾಸ್ಟಿಕ್ ಹೆಡ್ ತಂದು ಇಟ್ಟರೆ ತುಂಬಾ ಬಿಗಿ, ಅಂಚು ಸೇರೋದೇ ಇಲ್ಲ. ಶೆಲ್ ದುಂಡು ಕೆಟ್ಟಿದೆಯಾ ಅಂತ ಗಾಬರಿ.

ಹಳೇ ರೆಕಾರ್ಡ್

ಗಾಬರಿ ಬೇಡ. ಪ್ಲಾಸ್ಟಿಕ್ ಹೆಡ್ ಬಂದಿದ್ದು 1950ರ ದಶಕದ ಎರಡನೇ ಅರ್ಧದಲ್ಲಿ. ಚಿಕ್ ಇವಾನ್ಸ್, ರೆಮೋ ಬೆಲ್ಲಿ ಪಾಲಿಯೆಸ್ಟರ್ ಹಾಳೆಯ ಹೆಡ್ ಮಾರಾಟಕ್ಕೆ ತಂದ ಮೇಲೆ ಎಲ್ಲರೂ ಒಂದೇ ಅಳತೆಗೆ ಬಂದರು. ಅದಕ್ಕೆ ಮೊದಲು ಚರ್ಮವನ್ನು ಆ ಡ್ರಮ್ಮಿಗೆ ತಕ್ಕ ಹಾಗೆ ಹೂಪಿಗೆ ಸುತ್ತುತ್ತಿದ್ದರು. ಹಾಗಾಗಿ ಶೆಲ್ ಮೇಲೆ ಹೊದಿಕೆ ದಪ್ಪ ಸೇರಿ ಸ್ವಲ್ಪ ದೊಡ್ಡದಿದ್ದರೂ ನಡೆಯುತ್ತಿತ್ತು. ರೆಮೋದವರೇ ಹಳೇ ಡ್ರಮ್ಮಿಗೆ ಅಂತ ತುಸು ಅಗಲದ ಕ್ಲಾಸಿಕ್ ಫಿಟ್ ಹೆಡ್ ಮಾಡ್ತಾರೆ, ಅದು ಕೂರುತ್ತೆ. ಬಿಗಿ ಹೆಡ್ ಒತ್ತಿ ಕೂರಿಸೋಕೆ ಹೋಗಬೇಡಿ, ಹೊದಿಕೆಯ ಅಂಚು ಸೀಳುತ್ತೆ.

ಮದ್ದಳೆ ಕುಂದಾಪುರ

ಇಷ್ಟು ಹೊತ್ತು ಓದ್ತಾ ಇದ್ದೆ, ಚರ್ಮದ ಮಾತು ಬಂತಲ್ಲ, ಬಾಯಿ ಬಿಡ್ತೇನೆ. ಮೇಲಿನದಕ್ಕೆ ಚರ್ಮವೇ ಹಾಕಿ ಮಾರಾಯ್ರೇ. ಅವರ ಕೈ ಪಳಗಿದ್ದೇ ಚರ್ಮದಲ್ಲಿ ಅಲ್ವಾ.

ಚರ್ಮಕ್ಕೆ ಹೆದರುವುದು ಬೇಡ. ಮಳೆಗಾಲದಲ್ಲಿ ನಮ್ಮ ಮದ್ದಳೆ, ಚಂಡೆ ಹೇಗೆ ಇಳಿಯುತ್ತದೆ ಅಂತ ಬಾರಿಸಿದವರಿಗೆ ಗೊತ್ತು. ತಮಟೆಯವರು ಬೆಂಕಿಗೆ ಹಿಡಿದು ಏರಿಸ್ತಾರೆ. ನಿಮ್ಮ ಹೊದಿಕೆ ಸೆಲ್ಯುಲಾಯ್ಡ್ ಅಂದಮೇಲೆ ಬೆಂಕಿ ಮಾತು ಬಿಡಿ, ರಾಡ್ ಇದೆಯಲ್ಲ, ತಿರುಗಿಸಿದರಾಯ್ತು. ಆದರೆ ಬಾರಿಸಿ ಮುಗಿದ ಮೇಲೆ ಸ್ವಲ್ಪ ಸಡಿಲ ಬಿಡಿ. ಮಳೆ ಹವೆಯಲ್ಲಿ ಬಿಗಿದು ಹಾಗೇ ಇಟ್ಟರೆ ಹವೆ ಒಣಗಿದಾಗ ಚರ್ಮ ಎಳೆದು ಹರಿಯುತ್ತದೆ.

ಚರ್ಮವನ್ನು ತಣ್ಣೀರಲ್ಲಿ ಮೆದುವಾಗುವವರೆಗೆ ನೆನೆಸಿ. ಬಿಸಿನೀರು ಬೇಡ, ಚರ್ಮ ಸುರುಟುತ್ತದೆ. ಬಟ್ಟೆಯ ಮೇಲೆ ಹಾಸಿ, ಒಳ ಹೂಪನ್ನು ಮಧ್ಯೆ ಇಟ್ಟು ಅಂಚನ್ನು ಹೂಪಿನ ಸುತ್ತ ಮಡಚಿ ಒಳಗೆ ತುರುಕಬೇಕು. ಚಮಚದ ಹಿಡಿ ಸಾಕು, ಚೂಪು ಇರಬಾರದು. ಒಂದು ಕಡೆ ತುರುಕಿದ ಮೇಲೆ ಎದುರು ಕಡೆ, ಆಮೇಲೆ ಅಡ್ಡ. ಒಂದೇ ಕಡೆಯಿಂದ ಸುತ್ತುತ್ತಾ ಹೋದರೆ ನೆರಿಗೆ ಬೀಳುತ್ತದೆ. ಡ್ರಮ್ ಮೇಲೆ ಕೂರಿಸಿ ರಾಡನ್ನು ಸ್ವಲ್ಪವೇ ಎಳೆದು ನೆರಳಲ್ಲಿ ಒಣಗಲು ಬಿಡಿ. ಫ್ಯಾನ್ ಬೇಡ, ಬಿಸಿಲು ಬೇಡ. ಪೂರ್ತಿ ಒಣಗಿದ ಮೇಲೆ ಶ್ರುತಿ.

ಹಳೇ ರೆಕಾರ್ಡ್

ಚರ್ಮದ ತೇವದ ಕಷ್ಟ ಅವರಿಗೂ ಇತ್ತು. 1920ರ ದಶಕದಲ್ಲಿ ಬೇಸ್ ಡ್ರಮ್ಮಿನೊಳಗೆ ಬಲ್ಬ್ ಉರಿಸುತ್ತಿದ್ದರು. ಮುಂದಿನ ಚರ್ಮದ ಮೇಲೆ ಬರೆದ ಬೆಟ್ಟ, ಕೆರೆ ಚಿತ್ರ ಬೆಳಗಲಿ ಅಂತಲೂ ಹೌದು, ಚರ್ಮ ಬೆಚ್ಚಗಿರಲಿ ಅಂತಲೂ ಹೌದು.

ಮದ್ದಳೆಯವರೇ, ಜಾಜ್ ಡ್ರಮ್ಮಿಗೂ ನಮ್ಮ ಚರ್ಮವಾದ್ಯಕ್ಕೂ ಭೇಟಿ ಆಗಿದ್ದು ಇದೇ ಮೊದಲಲ್ಲ. 1958ರಲ್ಲಿ ಅಮೆರಿಕ ಸರ್ಕಾರ ಡೇವ್ ಬ್ರೂಬೆಕ್ ತಂಡವನ್ನು ಭಾರತಕ್ಕೆ ಕಳಿಸಿದಾಗ ಡ್ರಮ್ಮರ್ ಜೋ ಮೊರೆಲ್ಲೊ ಮದ್ರಾಸಿನಲ್ಲಿ ಪಳನಿ ಸುಬ್ರಮಣ್ಯ ಪಿಳ್ಳೆಯವರ ಮೃದಂಗದ ಜೊತೆ ನುಡಿಸಿದ್ದರು. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರು ಸ್ಯಾಕ್ಸೋಫೋನ್‌ನ ಚಾರ್ಲಿ ಮರಿಯಾನೋ ಜೊತೆ ಮಾಡಿದ ರೆಕಾರ್ಡ್ 1983ರಲ್ಲಿ ಇಸಿಎಂ ಕಂಪನಿಯಿಂದ ಬಂತು. ಸಿಕ್ಕರೆ ಕೇಳಿ.

ಷಿಕಾಗೊ ಕಡೆಯವ

ಎಲ್ಲರಿಗೂ ಉತ್ತರ ಒಟ್ಟಿಗೆ ಬರೀತಿದ್ದೀನಿ, ಕೆಲಸ ಮುಗಿಯೋಕೆ ಬಂತು.

ಬಳೆ ಬಾಟಲಿಯ ಚರ್ಮದಂಟಿನಿಂದ ಕೂತಿದೆ. ಈಗ ಪೋಸ್ಟ್‌ಕಾರ್ಡ್ ಹೋಗಲ್ಲ. ಬೆರಳಲ್ಲಿ ತಟ್ಟಿದರೆ ಮೊದಲು ಆ ಜಾಗದಲ್ಲಿ ಬರುತ್ತಿದ್ದ ಟೊಳ್ಳು ಸದ್ದು ಹೋಗಿದೆ. ಹೊದಿಕೆ ಎದ್ದ ಕಡೆ ತುದಿಗಳು ಮತ್ತೆ ಸೇರುವಷ್ಟು ಅಗಲ ಇಲ್ಲ, ಕುಗ್ಗಿಬಿಟ್ಟಿದೆ. ಎಳೆದು ಸೇರಿಸೋಕೆ ಹೋಗಲಿಲ್ಲ. ಎದ್ದಿದ್ದನ್ನು ಇದ್ದಲ್ಲೇ ಅಂಟಿಸಿ, ನಡುವಿನ ಸಣ್ಣ ಸಂದನ್ನು ಹಾಗೇ ಬಿಟ್ಟೆ. ಮರ ಕಾಣುತ್ತೆ, ಕಾಣಲಿ.

ರಾಡುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದೆ, ಮನೆ ಹೊರಗೆ, ಡ್ರಮ್ಮಿನಿಂದ ದೂರ. ಆಮೇಲೆ ಒಂದೊಂದು ಹನಿ ಮಷೀನ್ ಎಣ್ಣೆ. ಬಿರುಕಿನ ಲಗ್ ಬದಲಿಗೆ ಅದೇ ಕಾಲದ, ಅದೇ ಆಕಾರದ ಹಳೇ ಲಗ್ ಒಂದು ಸಿಕ್ಕಿತು. ಅದು ಸ್ವಲ್ಪ ಜಾಸ್ತಿ ಹೊಳೆಯುತ್ತೆ. ಲಗ್‌ಗಳೊಳಗಿನ ಸ್ಪ್ರಿಂಗ್ ಗಿಜಿಗಿಜಿ ಅನ್ನದಿರಲಿ ಅಂತ ಚೂರು ಹತ್ತಿ ತುರುಕಿದೆ. ಹೊಸ ಫೆಲ್ಟ್, ಹೊಸ ಸ್ನೇರ್ ತಂತಿ. ಹಳೇದೆಲ್ಲ ಕವರಿನಲ್ಲಿ ಹೆಸರು ಬರೆದು ಇಟ್ಟಿದೆ, ಮೇಡಂ ಹೇಳಿದ ಹಾಗೆ, ಜೊತೆಗೆ ಫೋಟೋದ ಪ್ರತಿಯೂ.

ಮೇಲೆ ಕರುವಿನ ಚರ್ಮ ಹಾಕಿದ್ದೀನಿ, ಕುಂದಾಪುರದವರ ಚಮಚದ ವಿಧಾನದಲ್ಲೇ. ಕೆಳಗೆ ತೆಳು ಪ್ಲಾಸ್ಟಿಕ್, ಅದು ಹವೆಗೆ ಅಲುಗಾಡಲ್ಲ. ಬ್ರಷ್ ಹಾಕಿದಾಗ ಬರೋ ಸದ್ದು ನಾನು ಬೇರೆ ಯಾವ ಡ್ರಮ್ಮಿನಲ್ಲೂ ಕೇಳಿಲ್ಲ. ಎಡಗೈ ಸುಮ್ನೆ ಸುತ್ತಿಸ್ತಾ ಇದ್ದರೂ ಕೋಣೆ ತುಂಬುತ್ತೆ. ಫೋಟೋದಲ್ಲಿರೋ ಹಾಗೆ ಹೂಪಿನ ಗುರುತು ನನ್ನ ಎಡಕ್ಕೆ ಬರುವಂತೆ ಸ್ಟ್ಯಾಂಡ್ ಮೇಲೆ ಇಟ್ಟುಕೊಂಡಿದ್ದೀನಿ. ಲಿವರ್ ತಾನಾಗೇ ಕೈಗೆ ಸಿಗುತ್ತೆ.

ರಿದಂಪ್ಯಾಡ್ ಬೆಂಗಳೂರು

ಸೂಪರ್ ಗುರು! ರೆಕಾರ್ಡ್ ಮಾಡಿ ಹಾಕಿ, ಬ್ರಷ್ ಒಂದು, ಕೋಲು ಒಂದು. ಒಂದು ಪ್ರಶ್ನೆ, ಹೊಸ ಸ್ನೇರ್ ತಂತಿ ಸಾಮಾನ್ಯ ಉದ್ದದ್ದೇ ಆಗುತ್ತಾ? ರೇಡಿಯೋ ಕಿಂಗ್‌ಗೆ ಉದ್ದ ತಂತಿ ಅಂತ ಕೇಳಿದ್ದೆ.

ಷಿಕಾಗೊ ಕಡೆಯವ

ಕೆಲವು ಮಾದರಿಯಲ್ಲಿ ತಂತಿ ಶೆಲ್ಲಿನ ಅಂಚು ದಾಟಿ ಹೊರಗೆ ಚಾಚಿರುತ್ತೆ, ಅದಕ್ಕೆ ಬೇರೆ ತಂತಿ ಬೇಕು. ನನ್ನದರಲ್ಲಿ ಹಾಗಿಲ್ಲ, 14 ಇಂಚಿನ ಸಾಮಾನ್ಯ ತಂತಿ ಸರಿಹೋಯಿತು. ಆದರೆ ತಂತಿ ಕಟ್ಟೋಕೆ ಅಗಲ ಪ್ಲಾಸ್ಟಿಕ್ ಪಟ್ಟಿ ಬೇಡ, ಸ್ಟ್ರೈನರ್ ಸಂದಿಯಲ್ಲಿ ತೂರಲ್ಲ. ಗಟ್ಟಿ ದಾರ ಹಾಕಿದೆ. ರೆಕಾರ್ಡಿಂಗ್ ಈ ವಾರಾಂತ್ಯ ಹಾಕ್ತೀನಿ, ಮೊದಲು ಅವರ ಮಗಳಿಗೆ ಕಳಿಸಿ ಆಮೇಲೆ ಇಲ್ಲಿ.